ವಿಂಗಡಿಸಿದವರ ಹೆಸರು

ದುರಗಪ್ಪನ ಟ್ರಂಕು ಶಾಬುದ್ದೀನನ ಹೊಲಿಗೆ ಅಂಗಡಿಯ ಮಹಡಿ ಹತ್ತುವಷ್ಟರಲ್ಲಿ ನಾಲ್ಕು ಜನರ ಸೊಂಟ ಹಿಡಿದಿತ್ತು. ನೂರಾ ಎಂಬತ್ತಾರು ಪುಸ್ತಕ, ಎಲ್ಲವೂ ಬುದ್ಧನವು.

ರೈಲ್ವೆಯಲ್ಲಿ ಮೂವತ್ನಾಲ್ಕು ವರ್ಷ ಗ್ಯಾಂಗ್‌ಮನ್ ಆಗಿ ಹಳಿ ಕಾಯ್ದು ರಿಟೈರಾದ ಮನುಷ್ಯ ಅವನು. ವರ್ಷಕ್ಕೆ ಸಿಗುವ ಪಾಸಿನಲ್ಲಿ ಜೊತೆಯವರು ತಿರುಪತಿಗೆ, ಪಂಢರಪುರಕ್ಕೆ ಹೋದರೆ ಇವನು ನಾಗಪುರಕ್ಕೆ, ಗಯಾಕ್ಕೆ, ಸಾರನಾಥಕ್ಕೆ ಹೋಗುತ್ತಿದ್ದ. ರೈಲು ಮುಟ್ಟದ ಮುಂಡಗೋಡಿಗೆ ಬಸ್ಸಿನಲ್ಲಿ ಹೋಗಿ ಟಿಬೆಟ್ಟಿನ ಭಿಕ್ಷುಗಳ ಮಠದ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದ. ಹೋದಲ್ಲೆಲ್ಲ ಒಂದೋ ಎರಡೋ ಪುಸ್ತಕ. ಕನ್ನಡದವು, ಹಿಂದಿಯವು, ಮರಾಠಿಯವು, ತಾನು ಓದಲಾರದ ಇಂಗ್ಲಿಷಿನವೂ. ಮೊದಲ ಪುಟದಲ್ಲಿ ಊರು, ತಾರೀಖು ಬರೆದು ಸಹಿ ಮಾಡಿ ಟ್ರಂಕಿಗೆ ಹಾಕುತ್ತಿದ್ದ. ಎಪ್ಪತ್ತಾದ ಮೇಲೆ ಕಣ್ಣು ಮಬ್ಬಾಗಿ, ಈ ಪುಸ್ತಕಗಳನ್ನು ಓದುಬಳಗಕ್ಕೆ ಕೊಡುತ್ತೇನೆ ಎಂದ.

ಓದುಬಳಗ ಎಂದರೆ ದೊಡ್ಡದೇನಲ್ಲ. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಶಾಬುದ್ದೀನನ ಅಂಗಡಿಯ ಮೇಲಿನ ಒಂದು ಕೋಣೆ, ಐತವಾರ ಮುಂಜಾನೆ ಸೇರುವ ಹತ್ತು ಹನ್ನೆರಡು ಜನ. ಬೀಜದ ಕಂಪನಿಯ ಹಮಾಲರು, ಇಬ್ಬರು ಕಂಡಕ್ಟರುಗಳು, ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳುವ ಪ್ರವೀಣಕುಮಾರ ಸರ್. ಮತ್ತೆ ಮೀನಾಕ್ಷಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಆರಿಸಿ ಬೇರೆ ಬೇರೆ ರಾಶಿ ಮಾಡುವವಳು. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳು ಮೂವತ್ತಾರಕ್ಕೆ ಮತ್ತೆ ಓದು ಹಿಡಿದಿದ್ದಳು. ಹಿಡಿಸಿದ್ದು ಇದೇ ಟ್ರಂಕು. ಮೂರು ವರ್ಷದಿಂದ ದುರಗಪ್ಪನ ಮನೆಗೆ ಹೋಗಿ ಒಂದೊಂದೇ ಪುಸ್ತಕ ತಂದು, ಹಿಡಿಸಿದ್ದನ್ನು ನೋಟ್‌ಬುಕ್ಕಿಗೆ ಇಳಿಸಿ ಹೊಳ್ಳಿ ಕೊಡುತ್ತಿದ್ದಳು. ನಾಲ್ಕು ನೋಟ್‌ಬುಕ್ಕು ತುಂಬಿದ್ದವು.

ಕೊಡುವಾಗ ಮುದುಕ ಒಂದು ಕರಾರು ಹಾಕಿದ.

"ದಾವಣಗೇರಿ ಕಾಲೇಜಿನವರು ಎರಡು ಸಲ ಬಂದು ಕೇಳ್ಯಾರ. ಗಾಜಿನ ಕಪಾಟ ಮಾಡಿಸ್ತೀವಿ ಅಂತಾರ. ನಾ ಮೊದಲ ನಿಮಗ ಅಂದೇನಿ. ನೆಟ್ಟಗ ಹೊಂದಿಸಿಡ್ರಿ. ಬರೂ ಐತವಾರ ಬಂದು ನೋಡ್ತೇನಿ. ಸರಿ ಕಾಣಲಿಲ್ಲಂದ್ರ ಅಲ್ಲಿಗೆ ಕಳಸತೇನಿ."

"ಹೆಂಗ ಹೊಂದಸಬೇಕು ನೀನ ಹೇಳಿಬಿಡು ಕಾಕಾ" ಎಂದಳು ಮೀನಾಕ್ಷಿ.

"ಹೆಂಗ ಇಡಬೇಕು ನನಗೂ ಗೊತ್ತಿಲ್ಲವ್ವಾ. ಹೆಂಗ ಇಡಬಾರದು ಅನ್ನೂದು ಗೊತ್ತೈತಿ."

ದಾವಣಗೆರೆ ಎಂದದ್ದು ಮೀನಾಕ್ಷಿಗೆ ಹಿಡಿಸಲಿಲ್ಲ. ದೂರವೇನಲ್ಲ, ರೈಲಿಗೆ ಒಂದು ತಾಸೂ ಇಲ್ಲ. ಆದರೆ ಕಾಲೇಜಿನ ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಮೆಣಸಿನಕಾಯಿ ಆರಿಸುವವಳಿಗೆ ಗಾಜಿನ ಕಪಾಟಿನ ಕೀಲಿ ಯಾರು ತೆಗೆದುಕೊಡುತ್ತಾರೆ?

ಹೊಂದಿಸುವ ಕೆಲಸ ಅವಳ ಕೊರಳಿಗೇ ಬಿತ್ತು. "ಬ್ಯಾರೆ ಬ್ಯಾರೆ ಮಾಡೂದು ನಿನ್ನ ಕೆಲಸನ ಐತಲ್ಲ, ತಂಗಿ" ಎಂದು ಶಾಬುದ್ದೀನ ಕೆಳಗಿನಿಂದ ತನ್ನ ಹಳೆಯ ಕಟ್ಟಿಗೆ ರ‍್ಯಾಕು ಎತ್ತಿಸಿ ಕೊಟ್ಟ. ಆಳೆತ್ತರದ್ದು, ಒಂದರ ಮೇಲೊಂದು ಐದು ಖಣದ್ದು. ಪ್ರವೀಣಕುಮಾರ ತನ್ನ ಎಂ.ಎ. ಕಾಲದ ನೋಟ್ಸು ನೋಡಿ ಒಂದು ಹಾಳೆಯಲ್ಲಿ ಪಟ್ಟಿ ಬರೆದುಕೊಟ್ಟ. ಎಲ್ಲಕ್ಕೂ ಮೇಲೆ ಮಹಾಯಾನ. ಅದರ ಕೆಳಗೆ ಚೀನಾ, ಜಪಾನಿನವು. ಅದರ ಕೆಳಗೆ ಟಿಬೆಟ್ಟಿನ ವಜ್ರಯಾನ. ನಾಲ್ಕನೆಯದು ಹೀನಯಾನ. ನೆಲಕ್ಕೆ ಹತ್ತಿದ ಐದನೆಯ ಖಣ ಖಾಲಿ. ನಾಗಪುರದಿಂದ ಬಂದವು, ಬಾಬಾಸಾಹೇಬರ ದಾರಿಯವು, ಈ ಪಟ್ಟಿಯಲ್ಲೇ ಇರಲಿಲ್ಲ.

"ಇವನ್ನೆಲ್ಲಿಡೂನ್ರಿ ಸರ?"

"ಅವು ಧರ್ಮದರ್ಶನದಾಗ ಬರೂದಿಲ್ಲವಾ. ಮೆಟ್ಟಲದ ಬಾಜೂಕ ಸಣ್ಣ ಕಪಾಟ ಐತಲ್ಲ, ಯೂನಿಯನ್ ಪಾಂಪ್ಲೆಟು ಇಟ್ಟದ್ದು, ಅದರಾಗ ಇಡು. ರಾಜಕೀಯ ಅಂತ ಬರಿ."

ಸರ್ ಕೆಟ್ಟವರಲ್ಲ. ಪರೀಕ್ಷೆಗೆ ಓದಿದ್ದನ್ನು ಹೇಳಿದರು, ಅಷ್ಟೇ. ಓದಿದವರು ಕೊಟ್ಟ ಪಟ್ಟಿಯನ್ನು ಮೀನಾಕ್ಷಿಯೂ ತಿರುವಿ ನೋಡಲಿಲ್ಲ. ಪೇಟೆಯಲ್ಲಿ ಅವಳಿಗಿದ್ದ ರೂಢಿಯೂ ಅದೇ: ಬಣ್ಣದ ಕಾಯಿ ಕಣ್ಣಿಗೆ ಬೀಳುವಂತೆ ಮೇಲೆ, ಬಣ್ಣ ಹೋದ ಬಿಳಿಗಾಯಿ ಕೆಳಗೆ. ಸೋಮವಾರ ಮತ್ತು ಮಂಗಳವಾರ ಸಂಜೆ ಕೂತು, ಕೈ ಉರಿಯುತ್ತಿದ್ದರೂ, ದುಂಡು ಅಕ್ಷರದಲ್ಲಿ ಚೀಟಿ ಬರೆದು ಗೋಂದು ಹಚ್ಚಿ ಅಂಟಿಸಿದಳು. ದೂರ ನಿಂತು ನೋಡಿ ತಾನೇ ಮೆಚ್ಚಿದಳು.

ಬುಧವಾರ ಸಂಜೆ ದುರಗಪ್ಪ ಹೇಳದೆ ಕೇಳದೆ ಬಂದ. ಕೋಲು ಊರುತ್ತ ಮೆಟ್ಟಿಲು ಹತ್ತಿದವನು ಮೊದಲು ಬಾಗಿಲ ಬಳಿಯ ಸಣ್ಣ ಕಪಾಟಿನ ಮುಂದೆ ನಿಂತ. ಆಮೇಲೆ ರ‍್ಯಾಕಿನ ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನಾಲ್ಕನೆಯ ಖಣದ ಚೀಟಿ ಓದಿದ.

"ಈ ಅಕ್ಷರ ನಿಂದೇನವ್ವಾ?"

"ಹೌದ ಕಾಕಾ."

"ಚಂದ ಅದಾವ."

ಅವನು ಟ್ರಂಕಿನ ಮೇಲೆ ಕೂತ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಮೀನಾಕ್ಷಿಗೆ ಹಗುರಾಗುತ್ತಿತ್ತು.

"ನಮ್ಮೂರ ಸಾಲ್ಯಾಗ ಒಂದು ಹಾಜರಿ ಪುಸ್ತಕ ಇತ್ತು" ಎಂದ. "ಊರ ಹುಡುಗರ ಹೆಸರೆಲ್ಲಾ ಮ್ಯಾಲ. ಅದಾದ ಮ್ಯಾಲ ಒಂದು ಗೆರಿ. ಗೆರಿ ಕೆಳಗ ನಮ್ಮ ಕೇರಿ ಹುಡುಗರು, ಮೂರು ಮಂದಿ. ಮಾಸ್ತರು ನಮ್ಮನ್ನ ಬೈತಿದ್ದಿಲ್ಲ, ಹೊಡೀತಿದ್ದಿಲ್ಲ. ಆದರ ಹೆಸರು ಕೂಗಿ ಕೂಗಿ ಆ ಗೆರಿ ತಾವ ಬಂದಕೂಡ್ಲೆ ಒಂದ ಗಳಿಗಿ ನಿಂದ್ರತಿದ್ದರು. ಹಳ್ಳ ದಾಟೂ ಮುಂದ ಧೋತರ ಎತ್ತತಾರಲ್ಲ, ಹಂಗ. ನಾಕ ವರ್ಷದಾಗ ಮೂರು ಮಾಸ್ತರು ಬದಲಾದರು. ಗೆರಿ ಬದಲಾಗಲಿಲ್ಲ. ಅದನ್ನ ಎಳದಾವ ಯಾರು ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಗೊತ್ತಿದ್ದರ ಒಂದ ಮಾತು ಕೇಳತಿದ್ದೆ."

ಕೆಳಗೆ ಶಾಬುದ್ದೀನನ ಮಷೀನು ಒಂದು ಉದ್ದ ಹೊಲಿಗೆ ಹಾಕಿ ನಿಂತಿತು.

"ಯಾರರ ತಮ್ಮ ದಾರಿಗೆ ತಾವ ಹೀನ ಅಂತ ಹೆಸರಿಡತಾರೇನು, ಮೀನಾಕ್ಷಿ? ಹೆತ್ತ ತಾಯಿ ಇಡತಾಳೇನು? ಮತ್ತ ನಾ ದೀಕ್ಷಾ ತಗೊಂಡ ದಾರಿ, ಅದು ಬಾಗಲಾ ದಾಟಿ ಹೊರಗ. ಚಪ್ಪಲಿ ಬಿಡೂ ತಾವ."

ಅವಳು ತಿರುಗಿ ನೋಡಿದಳು. ಸಣ್ಣ ಕಪಾಟಿನ ಬುಡದಲ್ಲೇ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಈಗಲೂ ಅವಳವೇ ಅಲ್ಲಿದ್ದವು. ಮೂರು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಊರು ಮನುಷ್ಯರನ್ನು ಹೊಂದಿಸಿಟ್ಟದ್ದೂ ಹೀಗೇ, ಯಾರಿಗೂ ಕಣ್ಣಿಗೆ ಬೀಳದ ಹಾಗೆ. ಅದನ್ನು ತನ್ನ ಕೈಯಿಂದ, ದುಂಡು ಅಕ್ಷರದಲ್ಲಿ ಮತ್ತೊಮ್ಮೆ ಮಾಡಿಬಿಟ್ಟಿದ್ದಳು.

"ಐತವಾರ ಲಗೇಜ್ ಆಟೋ ತರತೇನಿ" ಎಂದು ದುರಗಪ್ಪ ಎದ್ದ. "ನಿನ್ನ ಮ್ಯಾಲ ಸಿಟ್ಟಿಲ್ಲ ತಂಗಿ. ಚಾ ಕುಡೂನು ಬಾ."



ಮರುದಿನ ಬೇಸ್ತವಾರ, ಬ್ಯಾಡಗಿಯ ಪೇಟೆ ದಿನ. ಮೋಟೆಬೆನ್ನೂರು ದಾಟಿದ ಕೂಡಲೇ ಬಸ್ಸಿನೊಳಗೆ ಘಾಟು ನುಗ್ಗಿ, ಹೊಸಬರು ಸೀನಿದರು, ಹಳಬರು ಸೆರಗು ಮೂಗಿಗೆ ಏರಿಸಿದರು. ಗುಡದಪ್ಪನ ದಲಾಲಿ ಅಂಗಡಿಯ ಮುಂದೆ ಕೆಂಪು ರಾಶಿಯ ಬದಿಗೆ ಜಯವ್ವ ಆಗಲೇ ಕೂತಿದ್ದಳು. ಮೀನಾಕ್ಷಿಗಿಂತ ಹದಿನೈದು ವರ್ಷ ದೊಡ್ಡವಳು, ಬಾಯಿ ಅದಕ್ಕಿಂತ ದೊಡ್ಡದು.

"ಏನ, ಬುದ್ಧಗ ಬಿಳಿಗಾಯಿ ಹತ್ತಿತೇನ? ಮಾರಿ ನೋಡು."

ಮೀನಾಕ್ಷಿ ಆರಿಸುತ್ತ ಆರಿಸುತ್ತ ಎಲ್ಲವನ್ನೂ ಹೇಳಿದಳು. ಜಯವ್ವ ಕೇಳಿದಳು, ನಡುನಡುವೆ ಸೀನಿದಳು.

"ಅಲ್ಲ, ಬುದ್ಧ ಒಬ್ಬನೋ ಇಬ್ಬರೋ?"

"ಒಬ್ಬನ ಯಕ್ಕಾ. ಅವನ ಮಾತು ಹಿಡಕೊಂಡು ಹೋದ ಮಂದಿ ನಾಡಿಗೊಂದು ತರ ಆದರು. ಯಾವುದು ಮ್ಯಾಲ, ಯಾವುದು ಕೆಳಗ ಅಂತ ಎಲ್ಲಾರೂ ಪಟ್ಟಿ ಮಾಡ್ಯಾರ."

"ಮ್ಯಾಲ ಯಾರನ್ನ ಇಟ್ಟಾರ?"

ಮೀನಾಕ್ಷಿಯ ಕೈ ನಿಂತಿತು. ನಾಲ್ಕು ನೋಟ್‌ಬುಕ್ಕಿನ ಹಾಳೆಗಳು ಮನಸ್ಸಿನಲ್ಲಿ ತಿರುಗಿದವು. "ಅವರವರು ಅವರವರನ್ನ" ಎಂದಳು.

"ಮತ್ತೇನು! ಇದನ್ನ ನೋಡು." ಜಯವ್ವ ಒಂದು ಕಾಯಿ ಎತ್ತಿ ಹಿಡಿದಳು. "ಬಣ್ಣ ತಗಿಯೂ ಫ್ಯಾಕ್ಟರಿಯಾವ ಬಂದ್ರ ಇದು ಒಂದನೇ ನಂಬರ. ಖಾರದಪುಡಿಯಾವ ಬಂದ್ರ, ಖಾರ ಇಲ್ಲ, ಮೂರನೇ ನಂಬರ. ನೀ ಮೊದಲ ದುಡೀತಿದ್ದೆಲ್ಲ ರಾಣೆಬೆನ್ನೂರಾಗ, ಬೀಜದ ಕಂಪನ್ಯಾಗ, ಅವರಿಗೆ?"

ಅಲ್ಲಿ ಹಣ್ಣುಗಾಯಿ ಸೀಳಿ ಬೀಜ ಇಟ್ಟುಕೊಂಡು ಸಿಪ್ಪೆಯನ್ನು ಗಾಡಿಗಟ್ಟಲೆ ಚೆಲ್ಲುತ್ತಿದ್ದರು. ಇಲ್ಲಿ ಸಿಪ್ಪೆಯದೇ ದರಬಾರು. ಉದುರಿದ ಬೀಜ ಕಾಲಡಿಗೆ.

"ಕಾಯಿ ಅದ. ಕಾಯೀಗೇನು ಗೊತ್ತು ತನ್ನ ನಂಬರ?" ಎಂದು ಜಯವ್ವ ಅದನ್ನು ರಾಶಿಗೆ ಎಸೆದಳು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯೊಳಗೆ ಗದ್ದಲವಾಯಿತು. ಹೊರಗಿನ ಖರೀದಿದಾರನೊಬ್ಬ ಒಂದು ಚೀಲದ ಬಾಯಿ ಬಿಚ್ಚಿಸಿ, ಒಂದನೇ ನಂಬರಿನ ಚೀಟಿ ಇದೆ, ಒಳಗೆ ಬೆರಕೆ ಇದೆ ಎಂದು ಕೂಗಾಡುತ್ತಿದ್ದ. ಗುಡದಪ್ಪ ಕೂತಲ್ಲಿಂದ ಏಳಲಿಲ್ಲ.

"ಚೀಟಿ ಹಿಂದ ಯಾರ ಹೆಸರೈತಿ ನೋಡ್ರಿ."

ಆ ಅಂಗಡಿಯ ಪದ್ಧತಿ ಅದು. ಆರಿಸಿ ನಂಬರು ಹಚ್ಚಿದ ಹೆಣ್ಣುಮಗಳು ಚೀಟಿಯ ಹಿಂದೆ ತನ್ನ ಹೆಸರು ಬರೆಯಬೇಕು. ಬರೆಯಲು ಬಾರದವರು ತಮ್ಮ ಗುರುತು ಹಾಕಬೇಕು. ಜಯವ್ವನದು ಎರಡು ಗೆರೆ, ಒಂದು ಚುಕ್ಕಿ. ತಕರಾರು ಬಂದರೆ ಹೆಸರಿನವಳನ್ನು ಕರೆದು ಕೇಳುತ್ತಾರೆ, ಅವಳೂ ಎದುರು ನಿಂತು ಉತ್ತರ ಕೊಡುತ್ತಾಳೆ.

"ಹೆಸರಿಲ್ಲ" ಎಂದ ಖರೀದಿದಾರ.

"ಹಂಗಾದರ ಅದು ನಮ್ಮ ಚೀಟಿ ಅಲ್ಲ. ಹಾದ್ಯಾಗ ಯಾವನೋ ಹಚ್ಚ್ಯಾನ. ಹೆಸರಿಲ್ಲದ ಚೀಟಿ ಮಾತು ನಮ್ಮಲ್ಲಿ ನಡ್ಯಂಗಿಲ್ಲ. ಕಿತ್ತ ಒಗದು ಚೀಲಾ ಸುರವ್ರಿ, ಹೊಸದಾಗಿ ಆರಿಸಲಿ."

ಮೀನಾಕ್ಷಿ ಈ ಮಾತನ್ನು ಆರು ವರ್ಷದಿಂದ ಕೇಳಿದ್ದಳು. ಅಂದು ಕೇಳಿ ಎದ್ದು ನಿಂತಳು, ಮಡಿಲಲ್ಲಿದ್ದ ಕಾಯಿ ಎಲ್ಲ ಚೆಲ್ಲಿದವು.

"ಏನ, ಚೇಳು ಕಡೀತೇನ?" ಎಂದಳು ಜಯವ್ವ.

"ಗೆರಿ ಎಳದಾವ ಯಾರು ಅಂತ ಕಾಕಾ ಕೇಳಿದನಲ್ಲ ಯಕ್ಕಾ. ಅವ ಆ ಹಾಜರಿ ಪುಸ್ತಕದಾಗ ತನ್ನ ಹೆಸರು ಬರದಿದ್ದಿಲ್ಲ. ನಾನೂ ನನ್ನ ಚೀಟಿಗೆ ಬರದಿಲ್ಲ."

ಶುಕ್ರವಾರ ಸಂಜೆ ಅವಳು ನೋಟ್‌ಬುಕ್ಕು ಹರವಿಕೊಂಡು ಪ್ರವೀಣಕುಮಾರನಿಗೆ ಫೋನು ಹಚ್ಚಿದಳು.

"ಸರ, ಹೀನಯಾನ ಅಂತ ಹೆಸರಿಟ್ಟವರು ಯಾರ್ರಿ?"

"ಅದು… ಮಹಾಯಾನದವರವ್ವಾ."

"ಆ ಹೆಸರು ಹೊತ್ತವರು ಒಪ್ಪಿದ್ದರೇನ್ರಿ?"

"ಇಲ್ಲ. ಈಗ ಪಂಡಿತರೂ ಆ ಶಬ್ದ ಬಿಟ್ಟಾರ. ನನ್ನ ನೋಟ್ಸಿನಾಗ ಉಳಕೊಂಡಿತ್ತು."

"ಚೀನಾದವರು, ಟಿಬೆಟಿನವರು ಹೆಂಗ ಹಚ್ಚಿದರು ನಂಬರು?"

ಅವನು ಹೇಳತೊಡಗಿದ. ಹೇಳುತ್ತ ಹೇಳುತ್ತ ಪಾಠದ ದನಿ ಹೋಗಿ ಮಾತಿನ ದನಿ ಬಂತು. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ಅವನೂ ಯಾರಿಗೂ ಕೇಳಿರಲಿಲ್ಲ. ಮುಕ್ಕಾಲು ತಾಸು ಆಯಿತು.

"ಕಡೀಕ ಒಂದು ಸರ. ಬಾಬಾಸಾಹೇಬರದು ಧರ್ಮದಾಗ ಬರೂದಿಲ್ಲ, ರಾಜಕೀಯ ಅಂದವರು?"

"ಭಾಳ ಮಂದಿ ಅಂದಾರ ಮೀನಾಕ್ಷಿ."

"ನಮ್ಮ ಕಪಾಟಿನ ಮ್ಯಾಲ?"

"…ನಾನ."

"ಹಂಗಾದರ ನಿಮ್ಮ ಹೆಸರು ಬರೀತೇನ್ರಿ."

ಅವನು ನಕ್ಕ. ಪೂರ್ತಿ ನಗು ಅಲ್ಲ, ಆದರೂ ನಗು. "ಬರಿ" ಎಂದ.

ಶನಿವಾರ ಶಾಬುದ್ದೀನ ಹೊಲಿಗೆ ಬಿಟ್ಟು ಮೇಲೆ ಬಂದ. ಪುಸ್ತಕಗಳನ್ನೆಲ್ಲ ಕೆಳಗಿಳಿಸಿದರು. ಅಂಟಿಸಿದ ಚೀಟಿಗಳನ್ನು ಒದ್ದೆ ಅರಿವೆಯಿಂದ ಉಜ್ಜಿ ತೆಗೆದರು. ಖಾಲಿ ರ‍್ಯಾಕು ಹಾಗೇ ನಿಂತಿತ್ತು. ಯಾವ ಖಣಕ್ಕೆ ಏನಿಟ್ಟರೂ ಒಂದರ ತಲೆಯ ಮೇಲೆ ಇನ್ನೊಂದರ ಕಾಲು.

"ಅಣ್ಣಾ, ಇದನ್ನ ಅಡ್ಡ ಮಲಗಸೂನೇನ?"

"ರ‍್ಯಾಕನ್ನ? ಅದಕ್ಕೇನು ಜ್ವರ ಬಂದಾವೇನು?" ಎಂದನಾದರೂ ಒಂದು ತುದಿ ಹಿಡಿದ. ಇಬ್ಬರೂ ಕೂಡಿ ಗೋಡೆಯುದ್ದಕ್ಕೆ ಮಲಗಿಸಿದರು. ಐದು ಖಣ ಒಂದರ ಮೇಲೊಂದು ಇದ್ದವು, ಒಂದರ ಪಕ್ಕ ಒಂದಾದವು. ಶಾಬುದ್ದೀನ ಸೊಂಟಕ್ಕೆ ಕೈಕೊಟ್ಟು ನೋಡಿದ. "ಆಳೆತ್ತರ ಇದ್ದದ್ದು ಈಗ ಕೂಸು ಸುದ್ದಾ ಮುಟ್ಟತೈತಿ" ಎಂದ. ಸಣ್ಣ ಕಪಾಟಿನ ಪುಸ್ತಕಗಳನ್ನು ಸಂಜೆ ಬಂದ ಪ್ರವೀಣಕುಮಾರ ತಾನೇ ಹೊತ್ತು ಒಳಗೆ ತಂದ. ಚಪ್ಪಲಿಗಳು ಮೆಟ್ಟಿಲ ಕೆಳಗಿಳಿದವು.

ಐತವಾರ ದುರಗಪ್ಪ ಹೇಳಿದ ಹೊತ್ತಿಗೇ ಬಂದ. ಕೆಳಗೆ ಲಗೇಜ್ ಆಟೋ ನಿಂತ ಸದ್ದು ಕೇಳಿ ಬಳಗದವರೆಲ್ಲ ಬಾಗಿಲ ಕಡೆ ತಿರುಗಿದರು. ಪ್ರವೀಣಕುಮಾರ ಕಿಟಕಿಯ ಕಡೆ ಸರಿದು ನಿಂತ. ಮೀನಾಕ್ಷಿ ಉರಿಯುವ ಅಂಗೈಗಳನ್ನು ಸೆರಗಿನಲ್ಲಿ ಹಿಡಿದುಕೊಂಡಳು.

ಮುದುಕ ಮಲಗಿದ ರ‍್ಯಾಕನ್ನು ನೋಡಿ ಹುಬ್ಬೇರಿಸಿದ. ಕೋಲು ಬದಿಗಿಟ್ಟು ನೆಲಕ್ಕೆ ಕೂತ. ಮೊದಲನೆಯ ಚೀಟಿಯನ್ನು, ಹಳಿಯ ಮೇಲೆ ಬಿರುಕು ಹುಡುಕುವವನ ಹಾಗೆ, ಅಕ್ಷರ ಅಕ್ಷರ ಓದಿದ.

"'ಥೇರವಾದ. ಅಂದರೆ ಹಿರಿಯರ ಮಾತು. ಈ ಹೆಸರಿಟ್ಟುಕೊಂಡವರು: ಸಿಂಹಳ, ಬರ್ಮಾ, ಥಾಯ್ಲೆಂಡಿನ ಇವರೇ. ಇವರನ್ನೂ ಅಳಿದುಹೋದ ಇವರ ಹಳೆಯ ನೆಂಟರನ್ನೂ ಹೀನಯಾನ ಎಂದವರು: ಮಹಾಯಾನದವರು, ತಮ್ಮನ್ನು ದೊಡ್ಡವರೆಂದುಕೊಂಡಾಗ.'" ತಲೆ ಎತ್ತಲಿಲ್ಲ. ಸರಿದು ಮುಂದಿನದಕ್ಕೆ ಹೋದ.

ಎರಡನೆಯದು ಮಹಾಯಾನ, ಹೆಸರಿಟ್ಟುಕೊಂಡವರು ತಾವೇ. ಮೂರನೆಯದು ಚೀನಾ, ಜಪಾನು. ಬುದ್ಧ ತನ್ನ ಆಯುಷ್ಯದ ಯಾವ ಕಾಲಕ್ಕೆ ಯಾವ ಮಾತು ಹೇಳಿದ ಎಂದು ಚೀನಾದ ಒಂದು ಪಂಗಡದವರು ಐದು ಕಾಲ ಮಾಡಿ, ತಮಗೆ ಪ್ರೀತಿಯ ಸೂತ್ರವನ್ನು ಎಲ್ಲಕ್ಕೂ ಮೇಲಿಟ್ಟರು, ಪಕ್ಕದ ಪಂಗಡದವರು ಬೇರೆ ಸೂತ್ರವನ್ನು ಮೇಲಿಟ್ಟರು ಎಂದಿತ್ತು. ನಾಲ್ಕನೆಯದು ಟಿಬೆಟ್ಟಿನದು: 'ಭಾರತದ ಬೌದ್ಧ ಮತಗಳನ್ನು ನಾಲ್ಕು ಮೆಟ್ಟಿಲು ಮಾಡಿದವರು: ಇವರ ಪಂಡಿತರು. ಮೇಲಿನ ಮೆಟ್ಟಿಲು ಶೂನ್ಯ ಹೇಳುವವರದು. ಮೆಟ್ಟಿಲು ಕಟ್ಟಿದವರೂ ಅದರ ಮೇಲೇ ನಿಂತವರು.' ಅದರ ಅಡಿಗೆ ಸಣ್ಣ ಅಕ್ಷರದಲ್ಲಿ ಇನ್ನೆರಡು ಸಾಲು. 'ಉತ್ತರದ್ದು, ದಕ್ಷಿಣದ್ದು ಎಂದು ಎರಡೇ ಭಾಗ ಮಾಡಿದವರು: ನಕಾಶೆ ಹಿಡಿದ ಯುರೋಪಿನ ಪಂಡಿತರು. ಎಲ್ಲ ಬೌದ್ಧರನ್ನೂ ಕೆಳಗಿನಿಂದ ಎರಡನೆಯ ಮೆಟ್ಟಿಲಿಗೆ ಇಳಿಸಿದವರು: ನಮ್ಮ ನಾಡಿನ ವೇದಾಂತಿಗಳು, ತಮ್ಮ ಏಣಿಯಲ್ಲಿ.'

ಐದನೆಯ ಚೀಟಿ ಓದುವಾಗ ದನಿ ಸಣ್ಣದಾಯಿತು.

"'ನವಯಾನ. ಈ ದಾರಿ ತೆರೆದವರು: ಬಾಬಾಸಾಹೇಬರು. ನಡೆದವರು: ನಮ್ಮವರು. ಇದನ್ನು ರಾಜಕೀಯ ಎಂದು ಹೊರಗಿಟ್ಟವರು: ಪ್ರವೀಣಕುಮಾರ, ಹಾವೇರಿ. ಚೀಟಿ ಬರೆದವಳು: ಮೀನಾಕ್ಷಿ.'"

ಯಾರೋ ಕಂಡಕ್ಟರು ತಡೆಯಲಾರದೆ ನಕ್ಕ. ಪ್ರವೀಣಕುಮಾರ ಕಿಟಕಿಯಿಂದ ಈಚೆ ಬಂದು, "ಖರೇ ಐತಿ ದುರಗಪ್ಪನವರ. ಹೊರಗ ಇಡಿಸಿದಾವ ನಾನ, ನಿನ್ನಿ ಹೊತ್ತು ಒಳಗ ತಂದಾವನೂ ನಾನ" ಎಂದ.

"ಹೆಸರು ಅಳಸೂದು ಬ್ಯಾಡ್ರಿ ಮತ್ತ" ಎಂದ ದುರಗಪ್ಪ.

"ಇರಲ್ರಿ."

ಮುದುಕ ಎರಡೂ ಕಡೆ ಕತ್ತು ತಿರುಗಿಸಿ ನೋಡಿದ. "ಇದರಾಗ ಮೊದಲನೇದು ಯಾವುದವ್ವಾ?"

"ಕಿಟಕಿ ಕಡಿಂದ ಬಂದ್ರ ಥೇರವಾದ, ಕಾಕಾ. ಮೆಟ್ಟಲದ ಕಡಿಂದ ಬಂದ್ರ ನವಯಾನ."

"ಮತ್ತ ಎಲ್ಲಾರೂ ಮೆಟ್ಟಲದ ಕಡಿಂದನ ಬರತಾರಲ್ಲ?"

"ಹೌದು" ಎಂದಳು ಮೀನಾಕ್ಷಿ. ಅದನ್ನು ಅವಳು ಬೇಕೆಂದೇ ಮಾಡಿದ್ದಳು.

ದುರಗಪ್ಪನ ಗಲ್ಲ ಅಲುಗಿತು. "ಅಂದ್ರ ನೀನೂ ನಿನಗ ಹಿಡಿಸಿದ ದಾರಿನ ಮುಂದ ಇಟ್ಟೀದಿ. ಚೀನಾದವರಂಗ. ಟಿಬೆಟಿನವರಂಗ."

ಕೆಳಗೆ ಆಟೋದವನು ಒಮ್ಮೆ ಹಾರ್ನು ಹೊಡೆದ.

"ಇಟ್ಟೇನಿ ಕಾಕಾ" ಎಂದಳು ಅವಳು. "ಆದರ ಈ ಚೀಟಿ ಮ್ಯಾಲ ನನ್ನ ಹೆಸರೈತಿ. ಯಾರರ ಬಂದು ಯಾಕ ಹಿಂಗ ಅಂತ ಕೇಳಿದರ ನಾ ಇಲ್ಲೇ ಇರತೇನಿ, ಉತ್ತರ ಕೊಡತೇನಿ. ನಿಮ್ಮ ಸಾಲಿ ಗೆರಿಯಂಗಲ್ಲ ಅದು."

ದುರಗಪ್ಪ ಕೋಲು ಹಿಡಿದು ಎದ್ದು, ಕಿಟಕಿಗೆ ಹೋಗಿ ಕೆಳಗೆ ಕೂಗಿದ: "ಏ ತಮ್ಮಾ, ಮ್ಯಾಲ ಬಾ. ಟ್ರಂಕು ಇಳಸೂದೈತಿ."

ಆಟೋದವನು ದಪದಪ ಹತ್ತಿ ಬಂದ. ದಪ್ಪ ಆಸಾಮಿ. ಹೋದ ವಾರ ಇದೇ ಟ್ರಂಕು ಹೊತ್ತ ನಾಲ್ವರಲ್ಲಿ ಅವನೂ ಒಬ್ಬ. ಅಂಗೈಗೆ ಉಗುಳಿ ಉಜ್ಜಿಕೊಂಡು, ಉಸಿರು ಕಟ್ಟಿ, ಎರಡೂ ಕೈ ಹಾಕಿ ಒಮ್ಮೆಲೇ ಎತ್ತಿದ. ಟ್ರಂಕು ಗಾಳಿಗೆ ಹಾರಿ ಅವನು ಅಂಗಾತ ಬಿದ್ದ.

"ಖಾಲಿ ಐತೆಲ್ಲೋ ಯಪ್ಪಾ!"

"ಖಾಲಿ ಇರದ ಏನಿರತೈತಿ? ಪುಸ್ತಕ ಅಲ್ಲಿ ಅದಾವ, ಕಣ್ಣಿಲ್ಲೇನು?" ಎಂದ ದುರಗಪ್ಪ. "ಮನ್ಯಾಗ ಜ್ವಾಳಕ್ಕ ಇಲಿ ಹತ್ಯಾವ. ಟ್ರಂಕು ನಂಗ ಬೇಕು."

ಬಳಗದವರು ಬಿದ್ದವನನ್ನು ಎಬ್ಬಿಸಿದರು, ನಗುತ್ತ. ಮೀನಾಕ್ಷಿ ಕಣ್ಣೊರೆಸಿಕೊಳ್ಳಲು ಹೋಗಿ, ಅಂಗೈಯಲ್ಲಿ ವಾರದ ಖಾರ ಇರುವುದು ನೆನಪಾಗಿ, ಮೊಣಕೈಯಿಂದ ಒರೆಸಿಕೊಂಡಳು.